ಡೀಸೆಲ್ ಟ್ಯಾಂಕಿನ ಬೀಗ

"ಇದು ಗಾಡಿ ಕೀ. ಟ್ಯಾಂಕಿನ ಕೀ ನನ್ನ ಹತ್ರವೇ ಇರ್ತದೆ."

ಕೆಲಸಕ್ಕೆ ಸೇರಲು ಬಂದ ಬೆಳಿಗ್ಗೆ ದೇರಪ್ಪನ ಕಿವಿಗೆ ಬಿದ್ದ ಮೊದಲ ಮಾತೇ ಇದು. ಹೇಳಿದವಳು ಸಂಪಾಜೆಯ ಉತ್ತಯ್ಯನವರ ಒಬ್ಬಳೇ ಮಗಳು ಪ್ರೇಮಾವತಿ.

ದೇರಪ್ಪ ಪಿಕಪ್ಪಿನ ಪಕ್ಕಕ್ಕೆ ಹೋಗಿ ಟ್ಯಾಂಕಿನ ಮುಚ್ಚಳವನ್ನು ನೋಡಿದ. ಅದರ ಮೇಲೆ ಕಬ್ಬಿಣದ ಹೊಸ ಪಟ್ಟಿ, ಪಟ್ಟಿಗೊಂದು ಹಿತ್ತಾಳೆ ಬೀಗ. ಆಮೇಲೆ ಅವಳ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು.

"ಇರ್ಲಿ. ನಾ ಅದನ್ನ ಮುಟ್ಟುದಿಲ್ಲೆ" ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಕಂಡಿದ್ದಳು. ಇವನು ನೋಡಿಕೊಳ್ಳಲಿಲ್ಲ. ಅವಳಿಗೇ ಯಾಕೋ ಮುಖ ಬಿಸಿಯಾಯಿತು... ಗುರುತಿಲ್ಲದವನ ಕೆನ್ನೆಗೆ ಹೊಡೆದ ಹಾಗೆ.

ಅವಳ ಕಡೆಗೂ ನ್ಯಾಯ ಇಲ್ಲದಿರಲಿಲ್ಲ ಅನ್ನಿ. ಹಿಂದಿನ ಡ್ರೈವರು ದೂರದ ನೆಂಟನೇ. ಮಡಿಕೇರಿಯಲ್ಲಿ ಡೀಸೆಲನ್ನು ಸೀಸೆ ಸೀಸೆ ಮಾರಿ ಸಿಕ್ಕಿಬಿದ್ದಿದ್ದ. ಮಂಡಿನೋವಿನಿಂದ ಉತ್ತಯ್ಯನವರು ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ತೋಟ, ಆಳು, ಗಾಡಿ ಎಲ್ಲ ಮಗಳ ತಲೆಗೆ. 'ನೀ ಸರಿಯಾಗಿ ನೋಡಿಕೊಂಡಿದ್ದರೆ ಹೀಗಾಗುತ್ತಿತ್ತಾ' ಎಂದು ಅಪ್ಪ ಒಂದೇ ಸಲ ಅಂದದ್ದು. ಮರುದಿನವೇ ಅವಳು ಮುಚ್ಚಳ ಬಿಚ್ಚಿಸಿ ಕಮ್ಮಾರನಿಗೆ ಕೊಟ್ಟು ಬಂದಿದ್ದಳು. ದೇರಪ್ಪನದೂ ಒಂದು ಗಾಯ ಇತ್ತು, ಅದು ಅವಳಿಗೆ ಗೊತ್ತಿರಲಿಲ್ಲ. ಸುಳ್ಯದಲ್ಲಿ ಲಾರಿ ಓಡಿಸುತ್ತಿದ್ದಾಗ ಧಣಿಯೊಬ್ಬ ಎಲ್ಲರೆದುರು ಅವನ ಚೀಲ ಜಾಲಾಡಿಸಿದ್ದ. ಏನೂ ಸಿಗಲಿಲ್ಲ. ಇವನು ಅಂದೇ ಕೆಲಸ ಬಿಟ್ಟಿದ್ದ.

ಪಿಕಪ್ಪೂ ಹೊಸದೇನಲ್ಲ. ಮಿಲಿಟರಿ ಹರಾಜಿನಲ್ಲಿ ಕೊಂಡು, ಪೆಟ್ರೋಲ್ ಎಂಜಿನ್ ತೆಗೆಸಿ, ಡೀಸೆಲ್ ಎಂಜಿನ್ ಕೂರಿಸಿದ್ದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕೊಡಗಿನ ನಂಬರು ಅಳಿಸಿ ಮೈಸೂರಿನ ನಂಬರು ಬರೆಸಿಕೊಂಡಿದ್ದರೂ ಹಳೆಯ ಅಕ್ಷರ ಬಣ್ಣದಡಿಯಿಂದ ಇಣುಕುತ್ತಿತ್ತು. ವಾರಕ್ಕೊಮ್ಮೆ, ಶುಕ್ರವಾರ, ಬಾಳೆಗೊನೆ ಕಿತ್ತಳೆ ಹೇರಿಕೊಂಡು ಘಾಟಿ ಹತ್ತಿ ಮಡಿಕೇರಿ ಸಂತೆ ಮುಟ್ಟುವುದು ಅದರ ದೊಡ್ಡ ಕೆಲಸ.

ಮೊದಲ ಶುಕ್ರವಾರವೇ ಗಾಡಿ ತಡವಾಯಿತು. ಸಂತೆಯಲ್ಲಿ ಇವರ ಮಾಲು ಕೊಳ್ಳುವ ಸಾಬರು ಬೇರೆಯವರ ಮಾಲು ಕೊಂಡು ಹೋಗಿಯಾಗಿತ್ತು. ಅರ್ಧ ಕಿತ್ತಳೆ ವಾಪಸು ಬಂತು.

ಘಾಟಿಯಲ್ಲಿ ಎಂಜಿನ್ ಎಳೆಯುವುದಿಲ್ಲ ಎಂದ ದೇರಪ್ಪ. ಕೊಯನಾಡು ದಾಟುವವರೆಗೆ ಏನೂ ತೊಂದರೆ ಇಲ್ಲ, ಆಮೇಲೆ ಮೆಲ್ಲಗೆ ದಮ್ಮು ಹೋಗುತ್ತದೆ, ಒಂದನೇ ಗೇರಿಗೆ ಇಳಿಸಿದರೂ ಕೆಮ್ಮಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಎದ್ದು ಹೊರಡುತ್ತದೆ ಎಂದ.

ಪ್ರೇಮಾವತಿ ಸೆರಗಿನ ಗಂಟಿನಿಂದ ಕೀ ತೆಗೆದು ಬೀಗ ಬಿಚ್ಚಿದಳು. ಕೋಲು ಇಳಿಸಿ ಡೀಸೆಲ್ ಅಳೆದಳು. ಲೆಕ್ಕ ಸರಿಯಾಗಿತ್ತು. ಮತ್ತೆ ಬೀಗ ಹಾಕಿ, ಗಾಡಿಯನ್ನು ಗೋದಾಮಿನ ಕಡಿದಾದ ದಾರಿಗೆ ಹತ್ತಿಸಲು ಹೇಳಿದಳು. ಅದು ಗುಡುಗುತ್ತಾ ಹತ್ತಿತು!

"ಎಳೀತದಲ್ಲ?"

ದೇರಪ್ಪ ಇಳಿದು ಬಾನೆಟ್ ಎತ್ತಿದ.

ಮರು ಶುಕ್ರವಾರವೂ ಅದೇ ಕಥೆ. ಹಳೆಯ ಡ್ರೈವರ್ ಕಾಲದಲ್ಲಿ ಈ ರೋಗ ಇರಲಿಲ್ಲವಲ್ಲ ಎಂದರು ಉತ್ತಯ್ಯ ಜಗಲಿಯಿಂದ. ಮಾತು ಸುಳ್ಳಲ್ಲ.

ದೇರಪ್ಪ ಸುಮ್ಮನೆ ಕೂರಲಿಲ್ಲ. ಫಿಲ್ಟರ್ ಬಿಚ್ಚಿ ತೊಳೆದ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಬಿಚ್ಚಿ ಒಳಗಿನ ಪರದೆ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಪೈಪಿನಲ್ಲಿದ್ದ ಗಾಳಿ ತೆಗೆದ. ನೋಜಲ್‌ಗಳನ್ನು ಮಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದ. ಮಸಿ ಕಟ್ಟಿದೆಯೋ ಎಂದು ಸೈಲೆನ್ಸರನ್ನು ಇಳಿಸಿ ಬಡಿದ. ಗೋಣಿಯ ಮೇಲೆ ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟುಕೊಂಡು, ತನ್ನಷ್ಟಕ್ಕೆ ಗುನುಗುತ್ತಾ ಕೆಲಸ ಮಾಡುತ್ತಿದ್ದ. ಊಟದ ತಟ್ಟೆಯನ್ನು ತೊಳೆದೇ ವಾಪಸು ಕಳಿಸುತ್ತಿದ್ದ.

ಇದನ್ನೆಲ್ಲ ಪ್ರೇಮಾವತಿ ಹೇಗೆ ಬಲ್ಲಳು ಅಂದರೆ, ಅವಳು ನೋಡುತ್ತಿದ್ದಳು. ಬಾವಿಕಟ್ಟೆಯಿಂದ ಪಿಕಪ್ಪು ಚೆನ್ನಾಗಿ ಕಾಣುತ್ತಿತ್ತು. ಆ ದಿನಗಳಲ್ಲಿ ಮನೆಗೆ ನೀರು ಬಹಳ ಬೇಕಾಗುತ್ತಿತ್ತು!

ಅವನು ಅವಳಿಗೆ ಇಷ್ಟವಾಗಿದ್ದ. ಹಾಗಂತ ತನಗೆ ತಾನೇ ಒಪ್ಪಿಕೊಂಡ ರಾತ್ರಿ ನಿದ್ದೆ ಬರಲಿಲ್ಲ. 'ನೆಂಟನನ್ನೂ ನಂಬಿ ಕೆಟ್ಟೆ. ಮುಖ ನೋಡಿ ಇವನನ್ನೂ ನಂಬಲಾ?' ಇಷ್ಟಪಟ್ಟಷ್ಟೂ ಸಂಶಯ ಹೆಚ್ಚಾಗುತ್ತಿತ್ತು, ಸಂಶಯಕ್ಕೆ ಮದ್ದೂ ಇಲ್ಲ.

ಅಷ್ಟರಲ್ಲಿ ಕೆಲಸದ ಮುತ್ತಿ ಒಂದು ಸುದ್ದಿ ತಂದಳು. ಗಾಡಿ ನಿಲ್ಲುವುದು ಎಲ್ಲೋ ಅಲ್ಲವಂತೆ. ಪ್ರತಿ ಸಲವೂ ಜೋಡುಪಾಲದಲ್ಲಿ, ಬೋಜಮ್ಮನ ಚಾ ಅಂಗಡಿಯ ಎದುರಿಗೇ. ಬೋಜಮ್ಮನಿಗೆ ಸರೋಜ ಅಂತ ಮಗಳಿದ್ದಾಳಂತೆ. ಬೆಳ್ಳಗಿದ್ದಾಳಂತೆ.

ಪ್ರೇಮಾವತಿ ಒಡೆಯುತ್ತಿದ್ದ ತೆಂಗಿನಕಾಯಿ ಮೂರು ಹೋಳಾಯಿತು. ಓ... ಎಂಜಿನ್ ಎಳೆಯದಿರುವುದು ಇದಕ್ಕಾ?

ಅದೇ ವಾರ ಉತ್ತಯ್ಯನವರು ತೀರ್ಮಾನ ಹೇಳಿದರು. ಈ ಶುಕ್ರವಾರವೂ ಸಂತೆ ತಪ್ಪಿದರೆ ಗಾಡಿ ಮಾರುವುದು, ಡ್ರೈವರನ್ನು ಕಳಿಸುವುದು. ದೇರಪ್ಪ ಕೇಳಿಸಿಕೊಂಡು, ಪುತ್ತೂರಿನ ಬಸ್ಸಿನವರು ಹೇಗೂ ಕರೆಯುತ್ತಿದ್ದಾರೆ ಎಂದಷ್ಟೇ ಹೇಳಿದ. ಅವನು ಕಳ್ಳನಾಗಿದ್ದರೆ ಹೋಗಲಿ. ಅಲ್ಲದಿದ್ದರೆ? ಕಣ್ಣಾರೆ ನೋಡದೆ ಅವನನ್ನು ಕಳಿಸಿದರೆ ಜೀವಮಾನವಿಡೀ ತಾನು ಬೇಯಬೇಕು.

ಶುಕ್ರವಾರ ಬೆಳಿಗ್ಗೆ ಅವಳು ತಾನೇ ಗಾಡಿ ಹತ್ತಿ ಕೂತಳು.

ಕೊಯನಾಡಿನವರೆಗೆ ಗಾಡಿ ಸಲೀಸಾಗಿ ಓಡಿತು. ದೇವರಕೊಲ್ಲಿ ಕಳೆದ ಮೇಲೆ ಎಂಜಿನ್ನಿನ ಸದ್ದು ತೆಳುವಾಯಿತು. ಅವಳು ಅವನ ಕಾಲನ್ನೇ ನೋಡುತ್ತಿದ್ದಳು. ಆಕ್ಸಿಲರೇಟರ್ ತಳ ಮುಟ್ಟಿತ್ತು. ಅವನು ಗೇರ್ ಇಳಿಸಿದ, ಮತ್ತೆ ಇಳಿಸಿದ. ಗಾಡಿ ನಡೆಯುವವರಿಗಿಂತ ನಿಧಾನವಾಯಿತು. ಜೋಡುಪಾಲದಲ್ಲಿ, ಚಾ ಅಂಗಡಿಯ ಎದುರಿಗೆ, ಕೆಮ್ಮಿ ನಿಂತಿತು.

ಸುಳ್ಳಲ್ಲ. ಇವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಬೋಜಮ್ಮ ಸೌಟು ಹಿಡಿದೇ ಹೊರಬಂದಳು. ಇವತ್ತೂ ಆಯಿತಾ ಮಾರಾಯ ಎಂದು ಅವನನ್ನು ಮಾತಾಡಿಸಿ, ಪ್ರೇಮಾವತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ದಿನವಾದರೂ ಒಳಗೆ ಬಂದು ಚಾ ಕುಡಿದವನಲ್ಲ ಇವನು, ಯಾವಾಗ ನೋಡಿದರೂ ಗಾಡಿಯಡಿ ಮಲಗಿರುತ್ತಾನೆ ಎಂದು ದೂರು ಹೇಳಿದಳು. ಅವಳ ಹಿಂದೆ ಸರೋಜ ನಿಂತಿದ್ದಳು. ಬೆಳ್ಳಗಿದ್ದದ್ದು ನಿಜ. ಬಾಣಂತನಕ್ಕೆ ತವರಿಗೆ ಬಂದವಳು, ಹೆಗಲ ಮೇಲೆ ಹಸುಗೂಸು.

ಪ್ರೇಮಾವತಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದೇರಪ್ಪ ಆಗಲೇ ಫೀಡ್ ಪಂಪಿನ ಪೈಪು ಸಡಿಲಿಸಿದ್ದ. ಪಂಪು ಒತ್ತಿದರೂ ಡೀಸೆಲ್ ಬರುತ್ತಿರಲಿಲ್ಲ. ಟ್ಯಾಂಕಿನಿಂದಲೇ ಬರುತ್ತಿಲ್ಲ ಎಂದ.

"ಟ್ಯಾಂಕು ನೋಡಿದ್ದೀರಾ?"

"ಇಲ್ಲೆ. ಮುಟ್ಟುದಿಲ್ಲೆ ಹೇಳಿದ್ದೆ."

ಅವಳು ಕೀ ತೆಗೆದಳು. ಬೀಗ ಬಿಚ್ಚಿತು, ಮುಚ್ಚಳ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಂತಿತ್ತು. ಎರಡೂ ಕೈಯಿಂದ ತಿರುಗಿಸಿ ಎಳೆದಳು.

ಸುಂಯ್... ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಎಳೆದುಕೊಳ್ಳುತ್ತಲೇ ಇತ್ತು.

ದೇರಪ್ಪ ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ತಿರುವಿ ನೋಡಿದ. ಒಳಬದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು. ಹೊರಬದಿಯಲ್ಲಿ ಅದೇ ಜಾಗದ ಮೇಲೆ ಕಮ್ಮಾರ ಪಟ್ಟಿ ಇಟ್ಟು ಬೆಸೆದಿದ್ದ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಪಂಪು ಎಷ್ಟೆಂದು ಎಳೆದೀತು ಎಂದು ಬಿಡಿಸಿ ಹೇಳಿದ. ಅವಳಿಗೆ ಉಳಿದದ್ದು ತಾನಾಗಿ ಹೊಳೆಯಿತು. ಮನೆಯಲ್ಲಿ ಪ್ರತಿ ಸಲ ಅವಳು ಅಳೆಯಲೆಂದು ಬೀಗ ಬಿಚ್ಚಿದಾಗಲೇ ಗಾಳಿ ಒಳಗೆ ಹೋಗುತ್ತಿತ್ತು. ಗಾಡಿ ಅವಳೆದುರು ಮಾತ್ರ ಸರಿಯಾಗಿರುತ್ತಿತ್ತು.

"ತಪ್ಪು ನಂದು" ಎಂದಳು. ಕಣ್ಣು ತುಂಬಿತ್ತು. "ನಿಮ್ಮನ್ನ ಕಳ್ಳ ಅಂತ ಎಣಿಸಿದೆ. ಇಲ್ಲಿ ಯಾವಳೋ ಇದ್ದಾಳೆ ಅಂತಲೂ ಎಣಿಸಿದೆ."

ಎರಡನೆಯ ಮಾತು ಬಾಯಿಂದ ಜಾರಿದ ಮೇಲೆ ಅವಳು ತುಟಿ ಕಚ್ಚಿಕೊಂಡಳು. ತಡವಾಗಿತ್ತು.

ದೇರಪ್ಪ ಅವಳನ್ನು ನೋಡುತ್ತಾ ನಿಂತ. "ಯಾವಳೋ ಇದ್ದರೆ ನಿಮಗೆ ಎಂಥ?"

ಅವಳು ಬೀಗವನ್ನು ಸೆರಗಿಗೆ ಒರೆಸತೊಡಗಿದಳು. ಅವನೂ ಬಲವಂತ ಮಾಡಲಿಲ್ಲ. "ತಪ್ಪು ಇಬ್ಬರದ್ದೂ ಉಂಟು" ಎಂದ ಮೆಲ್ಲಗೆ. "ಮೊದಲು ನೋಡಬೇಕಾದ್ದು ಮುಚ್ಚಳ. ನಾ ಹಟಕ್ಕೆ ಬಿದ್ದು ಅದೊಂದನ್ನ ಬಿಟ್ಟು ಎಲ್ಲ ನೋಡಿದೆ."

ಬೋಜಮ್ಮನಿಂದ ಒಂದು ಮೊಳೆ ಕೇಳಿ ತಂದು, ಮುಚ್ಚಳವನ್ನು ಕಲ್ಲಿನ ಮೇಲಿಟ್ಟು, ಪಟ್ಟಿಯ ಪಕ್ಕದಲ್ಲಿ ಹೊಸ ತೂತು ಹೊಡೆದ. ಬೀಗ ಇರಲಿ, ಗಾಳಿಗೆ ದಾರಿ ಇದ್ದರೆ ಸಾಕು ಎಂದ. ಪೈಪು ಬಿಗಿದು, ಗಾಳಿ ತೆಗೆದು ಸ್ಟಾರ್ಟ್ ಮಾಡಿದಾಗ ಗಾಡಿ ಉಳಿದ ಘಾಟಿಯನ್ನು ಮೂರನೇ ಗೇರಿನಲ್ಲೇ ಹತ್ತಿತು. ಸಂತೆ ಕಟ್ಟುತ್ತಿದ್ದಂತೆ ಅವರು ಮಡಿಕೇರಿಯಲ್ಲಿದ್ದರು. ಕಿತ್ತಳೆ ಒಂದೂ ಉಳಿಯಲಿಲ್ಲ.

"ಇನ್ನು ಪುತ್ತೂರಿಗೆ ಹೋಗುವುದು ಬೇಡವಲ್ಲ?" ಅವಳು ಕೇಳಿದಳು.

"ಹೋಗ್ತೇನೆ."

ಅವಳ ಮುಖ ಬಾಡಿತು. ಅವನು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತಾ, ಅವಳ ಕಡೆ ನೋಡದೆ ಹೇಳಿದ. "ನಿಮ್ಮಪ್ಪನ ಸಂಬಳ ತಿಂದುಕೊಂಡು ನಿಮ್ಮಪ್ಪನ ಹತ್ರ ಮಗಳನ್ನ ಕೇಳುದು ನಂಗೆ ಆಗುದಿಲ್ಲೆ. ಬಸ್ಸಿಗೆ ಸೇರಿದ ಮೇಲೆ ನನ್ನ ಸೋದರಮಾವನನ್ನ ಕರಕೊಂಡು ಬರ್ತೇನೆ. ನೀವು ಬಾ ಅಂದರೆ."

ಬಾ ಅನ್ನಬೇಕು! ಅನ್ನಬೇಕು... ಅಷ್ಟರಲ್ಲಿ ಬಾಳೆಗೊನೆಯ ಸಾಬರು ಮುಂದಿನ ವಾರದ ಮಾತಿಗೆ ಬಂದರು. ದಾರಿಯಲ್ಲಿ ಮುತ್ತಿಯೂ ಅವಳ ಗಂಡನೂ ಗಾಡಿ ಹತ್ತಿಕೊಂಡರು. ಮಾತು ಅಲ್ಲಿಗೇ ನಿಂತಿತು.

ಅವನು ಹೋದ. ಮೌನವನ್ನೇ ಉತ್ತರ ಅಂದುಕೊಂಡು ಹೋದ.

ಪುತ್ತೂರು–ಮಡಿಕೇರಿ ಬಸ್ಸು ದಿನಾ ಅವರ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಅವಳು ಬೇಲಿಯ ಹಿಂದೆ ನಿಂತು ನೋಡುತ್ತಿದ್ದಳು. ಅವನು ರಸ್ತೆ ಬಿಟ್ಟು ಅತ್ತಿತ್ತ ನೋಡುತ್ತಿರಲಿಲ್ಲ. ನೋಡುವುದಿಲ್ಲ ಅಂತ ಹಟ ಹಿಡಿದರೆ ಅವನು ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು. ಅಂದರೆ ಅವನಾಗಿ ಬರುವವನಲ್ಲ.

ಕೊನೆಗೊಂದು ಬೆಳಿಗ್ಗೆ ಜಗಲಿಯಲ್ಲಿ ಅಪ್ಪನ ಮುಂದೆ ನಿಂತು ಎಲ್ಲ ಹೇಳಿದಳು. ಬೀಗದ್ದು, ಜೋಡುಪಾಲದ್ದು, ಮಡಿಕೇರಿಯದ್ದು. ಉತ್ತಯ್ಯನವರು ಬಹಳ ಹೊತ್ತು ಮಂಡಿ ಉಜ್ಜಿಕೊಂಡರು.

"ಗಾಡಿ ಸರಿ ಮಾಡಿ ಕೆಲ್ಸ ಬಿಟ್ಟವನ್ನ ನಾ ಬೇರೆ ಕಂಡಿಲ್ಲೆ" ಎಂದರು. "ಬರ್ಲಿ, ಮಾತಾಡುವ. ಆದರೆ ಕರೆಯುದು ಯಾರು? ನಂಗಂತೂ ನಡೆಯಕ್ಕೆ ಆಗುದಿಲ್ಲೆ."

ಅವಳು ಗೇಟು ತೆರೆದು ರಸ್ತೆಗಿಳಿದಳು. ಬಸ್ಸು ತಿರುವಿನಲ್ಲಿ ಕಂಡಾಗ ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು. ಸಂತೆಗೆ ಹೊರಟವರಿಂದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬೇಗ ಹತ್ತಿ ಅಕ್ಕ ಎಂದ. ಅವಳು ಹತ್ತಲಿಲ್ಲ. ಸುತ್ತು ಬಂದು ಡ್ರೈವರಿನ ಕಿಟಕಿಯ ಕೆಳಗೆ ನಿಂತಳು.

ಊರ ಬಾಯಿ ಮುಚ್ಚಿಸಲು ಆಗುವುದಿಲ್ಲ. ಗೊತ್ತಿದ್ದೂ ಹೇಳಿದಳು.

"ಭಾನುವಾರ ಮಾವನನ್ನ ಕರಕೊಂಡು ಬನ್ನಿ. ಅಪ್ಪ ಕಾಯ್ತಾರೆ. ನಾನೂ ಕಾಯ್ತೇನೆ. ನಂಗೆ ನೀವು ಬೇಕು."

ಬಸ್ಸಿನೊಳಗಿದ್ದವರು ಕಿಟಕಿಗಳತ್ತ ಬಗ್ಗಿದರು. ದೇರಪ್ಪ ಸ್ಟಿಯರಿಂಗಿನಿಂದ ಕೈ ತೆಗೆದ. ಅವನ ಮುಖ ಮೆಲ್ಲಗೆ ಅರಳಿದ್ದನ್ನು ಮುಂದಿನ ಸೀಟಿನವರೆಲ್ಲ ನೋಡಿದರು.

"ಎಂಜಿನ್ ಸದ್ದಲ್ಲಿ ಸರಿ ಕೇಳಲಿಲ್ಲೆ" ಎಂದ. "ಇನ್ನೊಂದ್ಸಲ ಹೇಳಿ."

ಕೇಳಿತ್ತು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಎಂಜಿನ್ ಆರಿಸಿ, ಕಿಟಕಿಯಿಂದ ಬಗ್ಗಿ ಕಾದ. ಪ್ರೇಮಾವತಿ ಸೆರಗು ಸರಿಮಾಡಿಕೊಂಡು, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ, ಇನ್ನೊಂದು ಸಲ ಹೇಳಿದಳು.