ಗುಂಡಿ ಡಬ್ಬಿಯ ಮಾತ್ರೆ

"ನಿನ್ನ ಅಡುಗೆಯ ಖಾರಕ್ಕೆ ನನ್ನ ಗಂಡನ ಹೊಟ್ಟೆ ಸುಟ್ಟು ಹೋಯ್ತಲ್ಲೇ…"

ಅತ್ತೆ ಸೊಸೆಯ ಮೇಲೆ ಹರಿಹಾಯುತ್ತಿದ್ದಾಗ ಮನೆಯ ಯಜಮಾನರಾದ ದರ್ಜಿ ಬಚ್ಚಲಿನ ಗೋಡೆಗೊರಗಿ ಕುಸಿದಿದ್ದರು. ವಾಂತಿಯಲ್ಲಿ ಕಪ್ಪುಗಟ್ಟಿದ ರಕ್ತ. ಆ ಸ್ಥಿತಿಯಲ್ಲೂ ಅವರು ಕೈಯೆತ್ತಿ, "ಅವಳನ್ನ ಬೈಬೇಡ… ಹೆಗಲ ಮೇಲಿರೋ ಈ ಹೊಲಿದ ಪ್ಯಾಂಟು ಆಚೆ ಇಡು, ಕಲೆಯಾಗತ್ತೆ" ಎಂದರು.

ಹಿಂದಿನ ವರ್ಷ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಮಾತ್ರೆಗಳನ್ನು ಸೊಸೆ ಬೆಳಿಗ್ಗೆ ತಪ್ಪದೆ ಕೊಡುತ್ತಿದ್ದಳು. ಬೇರೆ ಯಾವ ಮಾತ್ರೆ ಬೇಕಾದರೂ ತಮ್ಮನ್ನು ಕೇಳಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ಅತ್ತೆ ಮಾವ ಒಂದೇ ಹೊಲಿಗೆ ಯಂತ್ರದ ಮುಂದೆ ಮುದುಕರಾದವರು. ಅವರು ಹೊಲಿದದ್ದಕ್ಕೆ ಆಕೆ ಅಂಚು ಮಡಿಸಿ ಗುಂಡಿ ಹಾಕಬೇಕು. ಆಕೆಯ ಕಣ್ಣು ಮಂಜಾದ ಮೇಲೆ, ಕೆಲಸಕ್ಕೆ ಕೂರುವ ಮೊದಲು ಅವರೇ ಸೂಜಿಗಳಿಗೆ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಡುತ್ತಿದ್ದರು. ಯಂತ್ರ ತುಳಿದು ತುಳಿದು ಅವರ ಮಂಡಿ ಹಿಡಿದುಕೊಂಡಾಗ, ಆಕೆ ತಮ್ಮ ಮಂಡಿನೋವಿಗೆ ಇನ್ನೊಬ್ಬ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಗುಂಡಿ ಡಬ್ಬಿಯಲ್ಲಿ ಉಳಿಸಿ, ಅವರಿಗೆ ಕೊಡತೊಡಗಿದರು. ತಾವು ಮಾತ್ರ ಗೋಡೆ ಹಿಡಿದು ನಡೆದರು. ಒಂದೇ ದಾರದಲ್ಲಿ ಬದುಕಿದವರಿಗೆ ಒಂದೇ ಮಾತ್ರೆ ಒಗ್ಗದೇ ಎಂಬ ನಂಬಿಕೆ! ಸೊಸೆ ಇದನ್ನು ಕಂಡಿದ್ದಳು. ಅತ್ತೆಯ ನಾಲಿಗೆಗೆ ಹೆದರಿ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬೇರೇನಾದರೂ ಮಾತ್ರೆ ಕೊಟ್ಟಿದ್ದೀರಾ ಎಂದು ವಿಚಾರಿಸಿದರು. ಅತ್ತೆಯ ಮುಖ ಬಿಳುಚಿತು. "ಇಲ್ಲ" ಎಂದರು. ಸೊಸೆ ಆಕೆಯತ್ತ ನೋಡಿದಳು. ಹೇಳಿದರೆ ಅತ್ತೆ ಉಳಿಯರು, ಹೇಳದಿದ್ದರೆ ಮಾವ ಉಳಿಯರು…

"ಮಂಡಿನೋವಿನ ಮಾತ್ರೆ ಕೊಡ್ತಿದ್ದೆ ಡಾಕ್ಟ್ರೆ. ನಾನೇ ಕೊಟ್ಟಿದ್ದು, ದಿನಾ."

ಡಾಕ್ಟರು ಬೈಯಲಿಲ್ಲ. ಆ ಮಾತ್ರೆ ಹೊಟ್ಟೆಯ ಒಳಪದರವನ್ನು ಹುಣ್ಣಾಗಿಸುತ್ತದೆ, ಹೆಪ್ಪುಗಟ್ಟದ ರಕ್ತ ಆ ಹುಣ್ಣಿನಿಂದ ಸೋರುತ್ತಲೇ ಇರುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಪಕ್ಕದಲ್ಲಿದ್ದ ಮಗ ಮಾತ್ರ ಹೆಂಡತಿಯನ್ನು ಯಾರೋ ಎಂಬಂತೆ ನೋಡಿದ.

ಅತ್ತ ದರಿ, ಇತ್ತ ಪುಲಿ. ರಕ್ತ ನಿಲ್ಲಲೆಂದು ಹೃದಯದ ಮಾತ್ರೆಗಳನ್ನು ನಿಲ್ಲಿಸಬೇಕಾಯಿತು. ರಕ್ತವೇನೋ ನಿಂತಿತು; ಆದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯವೂ ನಿಂತಿತು.

ಆಮೇಲೆ ಮಗ ಹೆಂಡತಿಯ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಅವಳ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿದ.

"ತವರಿಗೆ ಹೋಗು. ನಿನ್ನ ಮುಖ ಕಂಡ್ರೆ ಅಪ್ಪನ ಕೊನೆ ಉಸಿರು ಕೇಳಿಸತ್ತೆ."

ಅವಳು ಪೆಟ್ಟಿಗೆ ಎತ್ತಿಕೊಂಡಳು. ಆಗ ಅತ್ತೆ ಗೋಡೆ ಹಿಡಿದು ಎದ್ದು ಬಂದು ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದರು. ಗುಂಡಿಗಳು ಉರುಳಿದವು. ಅವುಗಳ ನಡುವೆ ಪಟ್ಟಿಯಿಂದ ಕತ್ತರಿಸಿಟ್ಟ ಮಾತ್ರೆಗಳು.

"ಅವಳಲ್ಲ ಕಣಪ್ಪಾ, ನಾನು. ನನ್ನ ನೋವು ನುಂಗ್ಕೊಂಡು ಅವರಿಗೆ ಉಳಿಸ್ದೆ… ಇಷ್ಟು ವರ್ಷ ಇವಳನ್ನ ಚುಚ್ಚಿದ ನಾಲಿಗೆ ಆಸ್ಪತ್ರೇಲಿ ಏಳ್ಲೇ ಇಲ್ಲ."

"ಕಂಡೂ ಕೇಳದೆ ಸುಮ್ನಿದ್ದೆ ಅತ್ತೆ," ಎಂದಳು ಸೊಸೆ. "ನನ್ನ ಪಾಲೂ ಇದೆ."

ಮಗನಿಗೆ ಯಾರ ಮುಖ ನೋಡುವುದೋ ತಿಳಿಯಲಿಲ್ಲ. ಮಂಡಿಯೂರಿ ಗುಂಡಿಗಳನ್ನು ಆಯತೊಡಗಿದ. ಹೆಂಡತಿಯ ಕಾಲ ಬಳಿ ಬಿದ್ದಿದ್ದ ಗುಂಡಿಗೆ ಚಾಚಿದ ಕೈ ಅಲ್ಲೇ ನಿಂತಿತು, ಅವನು ಬಿಕ್ಕಿದ.

ಯಂತ್ರದ ಮೇಲೆ ಆ ಪ್ಯಾಂಟು ಅಂಚು ಮಡಿಸದೆ ಹಾಗೇ ಇತ್ತು. ದಿಂಬಿನಲ್ಲಿ ಮಾವ ದಾರ ಪೋಣಿಸಿಟ್ಟಿದ್ದ ಸೂಜಿ ಒಂದೇ ಉಳಿದಿತ್ತು. ಅತ್ತೆ ಅದನ್ನು ಮುಟ್ಟಿರಲಿಲ್ಲ. ಸೊಸೆಯೂ ಮುಟ್ಟಲಿಲ್ಲ. ಹೊಸ ಸೂಜಿ ತೆಗೆದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿ ಅತ್ತೆಯ ಮುಂದೆ ಹಿಡಿದಳು.

"ಗಂಟು ಹಾಕಿದ್ಯೇನೇ?"

"ಹಾಕಿದ್ದೀನಿ ಅತ್ತೆ."

ಅತ್ತೆ ತಡವರಿಸಿ ಸೂಜಿ ತೆಗೆದುಕೊಂಡರು.