ಅಳಿಸಿಹೋದ ಮೂರು ಚುಕ್ಕೆ

ಗಯಾಸುದ್ದೀನನಿಗಿಂತ ಅವನ ಮೂಗಿಗೇ ಹುಣಸೂರಿನಲ್ಲಿ ಹೆಚ್ಚು ಹೆಸರಿತ್ತು.

ಮೈಸೂರಿನಲ್ಲಿ ಇನ್ನೂ ಮಹಾರಾಜರಿದ್ದ ಕಾಲ. ಲಕ್ಷ್ಮಣತೀರ್ಥದ ದಂಡೆಯಲ್ಲಿ ಒಬ್ಬ ಬಿಳಿ ದೊರೆ ದ್ರಾಕ್ಷಿ ತೋಟ ಹಾಕಿ, ವೈನು ಇಳಿಸಿ, ಕೊಡಗಿನ ಕಾಫಿ ತೋಟದ ಸಾಹೇಬರಿಗೆ ಕಳಿಸುತ್ತಿದ್ದ. ಅಲ್ಲಿನ ಉಗ್ರಾಣ ಗಯಾಸನದು. ಅತಿಥಿಗಳು ಬಂದ ದಿನ ಯಾವ ಊಟಕ್ಕೆ ಯಾವ ವೈನು ಎಂದು ಹೇಳುವವನೂ ಅವನೇ. ಹಂದಿ ಕರಿಗೆ ಬೆಂಗಳೂರು ನೀಲಿ ದ್ರಾಕ್ಷಿಯದು, ಹೊಳೆಮೀನಿಗೆ ಬಿಳಿ ದ್ರಾಕ್ಷಿಯದು, ಕೊನೆಗೆ ಸಿಹಿ ತಿನ್ನುವಾಗ ಗುಲಾಬಿ ದ್ರಾಕ್ಷಿಯದು. ತಮಾಷೆಯೆಂದರೆ ಅವನು ಹಂದಿ ತಿಂದವನಲ್ಲ, ವೈನಿನ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವನಲ್ಲ. ಎಲ್ಲವೂ ಮೂಗಿನ ಕೆಲಸ. ಕುಡಿಯುವವರು ಅವರು, ನಾನು ಸುರಿದುಕೊಡುವವನು ಮಾತ್ರ ಎಂದು ತನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ.

ಆ ಮೂಗು ಅವನಿಗೆ ಕೈಕೊಟ್ಟದ್ದು ಒಂದೇ ದಿನ. ತಪ್ಪು ಮೂಗಿನದಲ್ಲ, ಅಜೀಜುನ್ನೀಸಾ ಮುಡಿದಿದ್ದ ಮಲ್ಲಿಗೆಯದು.

ಅಜೀಜುನ್ನೀಸಾ ಪೀಪಾಯಿ ಕಟ್ಟುವ ಫಕ್ರುದ್ದೀನ್ ಸಾಹೇಬರ ಮಗಳು. ಅಪ್ಪ ದೊರೆಯ ಬಂಗಲೆಯಲ್ಲಿ ಕೆಲಸಕ್ಕಿದ್ದ ದಿನ ಬುತ್ತಿ ತರುತ್ತಿದ್ದಳು. ಅವಳು ಬರುವ ದಾರಿ ಉಗ್ರಾಣದ ಒಂದೇ ಕಿಟಕಿಯಿಂದ ಕಾಣುತ್ತಿತ್ತು. ಆ ಕಿಟಕಿಯ ಕೆಳಗೊಂದು ಪೀಪಾಯಿ. ಗಯಾಸ್ ದಿನಾ ಅದರ ಮೇಲೆ ಮೊಣಕೈ ಊರಿ ದಾರಿ ಕಾಯುತ್ತಿದ್ದ.

ಅವತ್ತು ಅವಳು ಬಾಗಿಲಿಗೇ ಬಂದು ನಿಂತಳು.

"ಒಂದು ಬಾಟ್ಲಿ ಸಿರ್ಕಾ ಇಸ್ಕೊಂಡು ಬಾ ಅಂದ್ರು ಅಬ್ಬಾ."

"ಬರೀ ಸಿರ್ಕಾಕ್ಕೆ ಬಂದ್ರಾ?"

"ಇನ್ಯಾತಕ್ಕೆ ಬತ್ತಾರೆ ಇಲ್ಲಿಗೆ? ನಿಮ್ಮ ಮೂಗು ನೋಡೋಕಾ?"

"ನೋಡಿದ್ರೆ ಸವೆಯಲ್ಲ ಬುಡಿ."

ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ನಗು ತಡೆದಳು. ಆದರೆ ಕಣ್ಣಿಗೆ ಸೆರಗು ಇರಲಿಲ್ಲ. ಗಯಾಸನಿಗೆ ಅಷ್ಟು ಸಾಕಾಯಿತು, ಎದೆ ಹಾದಿ ತಪ್ಪಿತು.

ಹುಳಿ ತಿರುಗಿದ ವೈನೇ ಸಿರ್ಕಾ. ಪೂರ್ತಿ ಹುಳಿಯಾದ ಮೇಲೆ ಅದು ಹಲಾಲು, ಅಡುಗೆಗೆ ಹಾಕಬಹುದು. ಯಾವ ಪೀಪಾಯಿಯಲ್ಲಿ ಏನಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದವರು ಫಕ್ರುದ್ದೀನರೇ, ಉರ್ದು ಅಕ್ಷರದಲ್ಲಿ. ಸಿರ್ಕಾಕ್ಕೆ ಸೀನ್, ಶರಾಬಿಗೆ ಶೀನ್. ಎರಡೂ ಬರೆಯುವುದು ಒಂದೇ ತರಹ, ಶೀನಿನ ತಲೆಯ ಮೇಲೆ ಮೂರು ಚುಕ್ಕೆ ಹೆಚ್ಚು. ಗಯಾಸ್ ಕಿಟಕಿಯ ಕೆಳಗಿನ ಪೀಪಾಯಿಯ ಮೇಲೆ ಸೀನ್ ಕಂಡ, ಮಲ್ಲಿಗೆಯ ಘಮದಲ್ಲಿ ಮೂಸಿಯೂ ನೋಡದೆ ಬಾಟ್ಲಿ ತುಂಬಿ ಕೊಟ್ಟ.

ಮೂರನೇ ದಿನ ಫಕ್ರುದ್ದೀನರೇ ದಾರಿಯಲ್ಲಿ ನಿಲ್ಲಿಸಿದರು. "ಆ ಸಿರ್ಕಾ ಹಾಕಿ ಮಗಳು ಮಟನ್ ಸಾಲನ್ ಮಾಡಿದ್ಲು ಕಣಪ್ಪ. ಅವಳಮ್ಮ ಹೋದ ಮೇಲೆ ಇಷ್ಟು ರುಚಿಯಾಗಿ ಉಂಡಿರಲಿಲ್ಲ. ಮನಸ್ಸು ತುಂಬಿ, ಉಂಡೆದ್ದೋನೇ ಮಸೀದಿಗೆ ಹೋಗಿ ನಮಾಜು ಮಾಡಿದೆ. ಅಲ್ಲೇ ಅನ್ನಿಸ್ತು, ಮಗಳನ್ನ ನಿನಗೇ ಕೊಡೋಣ ಅಂತ. ನಿಮ್ಮಮ್ಮನ್ನ ಕಳ್ಸು, ಮಾತಾಡೋಣ."

ಗಯಾಸನಿಗೆ ಕಾಲು ನೆಲಕ್ಕೆ ತಾಕಲಿಲ್ಲ. ಆ ಸಂತೋಷ ಸಂಜೆಯವರೆಗೂ ಬಾಳಲಿಲ್ಲ. ಬಂಗಲೆಯಲ್ಲಿ ಅತಿಥಿಗಳಿಗೆ ಹೊಳೆಮೀನು ಹುರಿಯುತ್ತಿದ್ದರು. ಬಿಳಿ ವೈನು ತರಲು ಹೋದವನು ಕಿಟಕಿಯ ಪೀಪಾಯಿಯ ಮುಂದೆ ನಿಂತುಬಿಟ್ಟ. ಅದರಿಂದ ಬಂದದ್ದು ಸಿರ್ಕಾದ ವಾಸನೆಯಲ್ಲ. ಸ್ವಲ್ಪ ಹುಳಿ ತಿರುಗಿದ್ದರೂ ಇನ್ನೂ ವೈನೇ. ಬಗ್ಗಿ ನೋಡಿದ. ಸೀನಿನ ಮೇಲೆ, ಮೂರು ಚುಕ್ಕೆ ಇರಬೇಕಾದ ಕಡೆ, ಒರೆಸಿದ ಗುರುತು. ಆ ಸುಣ್ಣದ ಪುಡಿ ಇನ್ನೂ ತನ್ನ ಅಂಗಿಯ ಮೊಣಕೈಗೆ ಅಂಟಿಕೊಂಡಿತ್ತು.

ಫಕ್ರುದ್ದೀನರಿಗೆ ಹರಾಮನ್ನು ಉಣ್ಣಿಸಿದ್ದ. ಅವರು ಅದನ್ನು ಉಂಡು ನಮಾಜಿಗೆ ನಿಂತಿದ್ದರು. ಅದೇ ತೃಪ್ತಿಯಲ್ಲಿ ಮಗಳನ್ನು ಕೊಡುತ್ತೇನೆ ಎಂದಿದ್ದರು.

ಹೇಳಿದರೆ ಅಜೀಜುನ್ನೀಸಾ ಕೈತಪ್ಪುತ್ತಾಳೆ. ಹೇಳದಿದ್ದರೆ ಅವಳ ಜೊತೆ ಬಾಳುವ ಒಂದೊಂದು ದಿನವೂ ಕದ್ದದ್ದಾಗುತ್ತದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹನ್ನೊಂದು ದಿನ ಕಳೆದ. ಅಮ್ಮಿ ಹೋಗಿ ವೀಳ್ಯ ಕೊಟ್ಟು ಬಂದಳು. ಗಯಾಸ್ ಕಿಟಕಿಯ ಹತ್ತಿರ ಸುಳಿಯುವುದನ್ನೇ ಬಿಟ್ಟ, ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎನ್ನುವುದು ಸುಳ್ಳಲ್ಲ.

ಹನ್ನೆರಡನೇ ದಿನ ಬುತ್ತಿ ತಂದವಳು ತಾನೇ ಕೇಳಿದಳು. "ನಿಕಾ ಮಾತಾದ ಮೇಲೆ ನೀವು ಕಿಟಕೀಲೇ ಕಾಣ್ತಿಲ್ಲ. ನಾನು ಅಷ್ಟು ಬೇಗ ಹಳೇದಾದ್ನಾ?"

ಅವಳು ನಗುತ್ತ ಕೇಳಿದ್ದಳು. ಅವನು ಅಳುಮುಖದಲ್ಲಿ ಎಲ್ಲವನ್ನೂ ಹೇಳಿದ.

ಅಜೀಜುನ್ನೀಸಾ ಬುತ್ತಿಯನ್ನು ಕಟ್ಟೆಯ ಮೇಲಿಟ್ಟಳು. ನಗು ಎಲ್ಲಿ ಹೋಯಿತೋ. "ಕೈಯ್ಯಾರೆ ಬಡಿಸ್ದೆ ಕಣ್ರೀ," ಎಂದಳು. "ಇನ್ನೂ ಸ್ವಲ್ಪ ಹಾಕು ಅಂದ್ರು ಅಬ್ಬಾ. ಹಾಕ್ದೆ."

"ನಿಮ್ಮ ತಪ್ಪಿಲ್ಲ."

"ಅದನ್ನ ಹೇಳೋಕೆ ಹನ್ನೊಂದು ದಿನ ಬೇಕಾಯ್ತಾ?"

"ನೀವು ಸಿಗಲ್ಲ ಅಂತ ಹೆದರಿಕೆ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಸಿಟ್ಟಿತ್ತು, ಸಿಟ್ಟಿನ ಹಿಂದೆ ಇನ್ನೇನೋ ಇತ್ತು. "ನಾನು ಬೇಕು ಅಂದ್ರೆ ಅಬ್ಬಾಗೆ ನೀವೇ ಹೇಳಿ. ಮುಚ್ಚಿಟ್ಟುಕೊಂಡು ನಿಮಗೆ ಅನ್ನ ಬಡಿಸೋಕೆ ನನ್ನ ಕೈಲಾಗಲ್ಲ."

ಅಂದು ಸಂಜೆ ಗಯಾಸ್ ಅವರ ಮನೆ ಅಂಗಳಕ್ಕೆ ಹೋದ. ಫಕ್ರುದ್ದೀನರು ಹೊಸ ಪೀಪಾಯಿಗೆ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದರು. ಅವನು ನಿಂತುಕೊಂಡೇ ಹೇಳಿದ, ಒಂದನ್ನೂ ಬಿಡಲಿಲ್ಲ. ಕಿಟಕಿ ಯಾಕೆ, ಮೊಣಕೈ ಯಾಕೆ ಎಂಬುದನ್ನೂ.

ಸುತ್ತಿಗೆ ನಿಂತಿತು.

"ತಿಳೀದೆ ತಿಂದದ್ದು ನಂದು," ಎಂದರು. "ಅದನ್ನ ಮೇಲಿರೋನು ನೋಡ್ಕೋತಾನೆ. ತಿಳಿದ ಮೇಲೂ ನನ್ನ ಮನೆಗೆ ವೀಳ್ಯ ಕಳಿಸ್ದೆಯಲ್ಲ, ಅದು ನಿಂದು."

"ಹೌದು ಮಾಮೂ."

"ಶರಾಬು ಸುರಿಯೋ ಕೈಗೆ ಮಗಳನ್ನ ಕೊಡಲ್ಲ ಅಂತ ಹೇಳ್ಬೇಕು ಈಗ. ಹೇಳೋಕೆ ಬಾಯಿಲ್ಲ ನಂಗೆ." ಅವರು ಪೀಪಾಯಿಯ ಮೇಲೆ ಅಂಗೈ ಇಟ್ಟರು. "ಇಪ್ಪತ್ತು ವರ್ಷ ಇದನ್ನ ಕಟ್ಟಿದೋನು ನಾನು. ಮರ ನಂದು, ಒಳಗಿರೋ ಪಾಪ ದೊರೇದು ಅಂದ್ಕೊಂಡಿದ್ದೆ. ಅದೇ ನನ್ನ ತಟ್ಟೆಗೆ ಬಂತು ನೋಡು."

ಅವರು ಪಟ್ಟಿಯನ್ನು ಒಮ್ಮೆ ತಟ್ಟಿ ನೋಡಿದರು.

"ಇದೊಂದು ಮುಗಿಸಿ ನಾನು ಬುಡ್ತೀನಿ. ಗಾಡಿ ಚಕ್ರ ಕಟ್ಟೋದಕ್ಕೆ ಹುಣಸೂರಲ್ಲಿ ಕೆಲಸಕ್ಕೇನು ಬರ. ನೀನೂ ಬಂಗಲೆ ಬುಟ್ಟು ಬಾ. ನಿನ್ನ ಮೂಗು ಇಲ್ಲಿ ನಡೆಯಲ್ಲ, ಮೊದಲಿಂದ ಕಲೀಬೇಕು. ಎರಡು ವರ್ಷ ಆಗ್ತದೆ ಕೈ ಕೂರೋಕೆ. ಆಮೇಲೆ ನಿಕಾ. ಕಾಯ್ತೀಯಾ?"

ಕಳೆದುಕೊಳ್ಳಲು ಬಂದವನಿಗೆ ಇಷ್ಟು ಕೊಟ್ಟರೆ ಹೇಗೆ ತೆಗೆದುಕೊಳ್ಳುವುದು? "ನಂಗೆ ಯೋಗ್ಯತೆ ಇಲ್ಲ ಮಾಮೂ," ಎಂದ.

ಬಾಗಿಲ ಪರದೆ ಅಲುಗಿತು.

"ಅಬ್ಬಾ," ಎಂದಳು ಅಜೀಜುನ್ನೀಸಾ ಒಳಗಿನಿಂದಲೇ, "ತುಂಬಿಕೊಟ್ಟೋರು ಅವರಾದ್ರೂ ಬೇಯಿಸಿ ಬಡಿಸ್ದೋಳು ನಾನು. ತಪ್ಪಲ್ಲಿ ಅರ್ಧ ನಂದು. ಎರಡು ವರ್ಷದಲ್ಲಿ ನನ್ನ ಪಾಲು ಒಂದು ವರ್ಷ ಕಳೀರಿ."

ಫಕ್ರುದ್ದೀನರು ಪರದೆಯನ್ನೂ ಹುಡುಗನನ್ನೂ ನೋಡಿದರು. ಸುತ್ತಿಗೆಯನ್ನು ತಿರುಗಿಸಿ ಹಿಡಿಯನ್ನು ಗಯಾಸನ ಕಡೆಗೆ ಚಾಚಿದರು.

"ಒಂದು ವರ್ಷ," ಎಂದರು. "ಬೆಳಗ್ಗೆ ಬೇಗ ಬಾ."