ರಿಪೇರಿಯವನ ಪೆಟ್ಟಿಗೆಯಲ್ಲಿ ಬೆಳ್ಳಿ ಕೊಳಲು

"ಮಾವ, ಕಳ್ಳ ಸಿಕ್ಕಿದ್ದಾನೆ, ತಪ್ಪೂ ಒಪ್ಪಿಕೊಂಡಿದ್ದಾನೆ. ಆದರೂ ಯಾಕೋ ಮನಸ್ಸಿಗೆ ಸಮಾಧಾನ ಇಲ್ಲ," ಎಂದಳು ಸಬ್‌ಇನ್‌ಸ್ಪೆಕ್ಟರ್.

ಊರಿನ ಎಷ್ಟೋ ಕಗ್ಗಂಟುಗಳನ್ನು ಬಿಡಿಸಿದ್ದ ಸೋದರಮಾವ ಪೇಪರು ಮಡಚಿಟ್ಟರು. "ಮೊದಲಿಂದ ಹೇಳು."

ಅಂದು ಬೆಳಿಗ್ಗೆ ಸಂಗೀತ ಶಾಲೆಯ ಕಡೆ ತಿರುಗುತ್ತಿದ್ದ ಪಿಯಾನೊ ರಿಪೇರಿಯವನ ವ್ಯಾನನ್ನು ಅವಳು ತಡೆದಿದ್ದಳು. ಬ್ರೇಕ್ ಲೈಟ್ ಉರಿಯುತ್ತಿರಲಿಲ್ಲ, ಅಷ್ಟೆ. ಹಿಂದೆ ಬೀಗ ಹಾಕಿದ ಪೆಟ್ಟಿಗೆಯೊಂದಿತ್ತು. "ತೆಗೀರಿ" ಎಂದಳು. "ಬೇಡ ಮೇಡಂ, ಸಾಮಾನು ಮುಟ್ಟಿದರೆ ನನಗೆ ಆಗಲ್ಲ," ಎಂದ ಆತ. ಆ 'ಬೇಡ' ಅವಳನ್ನು ಕೆರಳಿಸಿತು. ಕೀಲಿ ಕಸಿದು ತೆರೆದಳು. ಸುತ್ತಿಗೆ, ತಂತಿಗಳ ಅಡಿಯಲ್ಲಿ ಹೂವಿನ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿ ಕೊಳಲು! ಮೂರು ಭಾಗವಾಗಿ ಬಿಚ್ಚಿ, ಒರೆಸಿ ಇಟ್ಟಿದ್ದರು. ಹಿಂದಿನ ದಿನ ಶಾಲೆಯ ಬೀರುವಿನಿಂದ ಕಾಣೆಯಾದದ್ದು ಅದೇ. ಬಟ್ಟೆಯನ್ನು ಕಂಡದ್ದೇ ಆತನ ಮುಖ ಬಿಳಿಚಿಕೊಂಡಿತು. "ನಾನೇ ಕದ್ದೆ," ಎಂದುಬಿಟ್ಟ.

ಸಂಜೆ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಿದರು. ದೂರು ಕೊಟ್ಟ ಪ್ರಾಂಶುಪಾಲೆ ಬಂದಿದ್ದರು. ರಿಪೇರಿಯವನಿಗೆ ಊಟ ತಂದಿದ್ದ ಅವನ ಮಗಳೂ ಇದ್ದಳು. ಮೊನ್ನೆಯವರೆಗೆ ಶಾಲೆಯ ವಾದ್ಯವೃಂದದಲ್ಲಿ ಆ ಕೊಳಲನ್ನು ನುಡಿಸುತ್ತಿದ್ದವಳು. ಈಗ ಪ್ರಾಂಶುಪಾಲೆ ಅವಳ ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದರು.

ಮಾವ ಕೊಳಲಿನ ಭಾಗಗಳನ್ನು ಆತನ ಮುಂದಿಟ್ಟರು. "ಇದನ್ನ ಜೋಡಿಸಿ ನೋಡೋಣ."

ಆತ ಕೊಳಲಿನ ಬುಡದ ತುಂಡನ್ನು ಊದುವ ತುಂಡಿಗೇ ಸಿಕ್ಕಿಸಲು ಹೆಣಗಿದ. "ಅಪ್ಪ, ಹಾಗಲ್ಲ!" ಎಂದು ಮಗಳು ಕೂಗಿಕೊಂಡು, ತಕ್ಷಣ ತುಟಿ ಕಚ್ಚಿದಳು.

"ಜೋಡಿಸೋಕೆ ಬಾರದವರು ಅಷ್ಟು ನಾಜೂಕಾಗಿ ಬಿಚ್ಚಿಡ್ತಾರಾ?" ಎಂದರು ಮಾವ ಮೆಲ್ಲಗೆ. "ಇದನ್ನ ಬಿಚ್ಚಿದ್ದು ನುಡಿಸೋ ಕೈ. ಮನೇಲಿ ಪೆಟ್ಟಿಗೆ ಕೀಲಿ ಸಿಗೋದೂ ಅದೇ ಕೈಗೆ. ಬಟ್ಟೆ ಯಾರದು ಅಂತ ಅಪ್ಪನಿಗೆ ಗೊತ್ತಾಯ್ತು, ತಪ್ಪು ತಲೆ ಮೇಲೆ ಹಾಕಿಕೊಂಡರು. ಇನ್ನೊಂದು ಮಾತು. ವ್ಯಾನು ಶಾಲೆಗೇ ಹೋಗ್ತಿತ್ತು. ಕದ್ದ ಮಾಲನ್ನ ಕದ್ದ ಜಾಗಕ್ಕೇ ಯಾರು ಒಯ್ತಾರೆ? ವಾಪಸ್ ಇಡೋಕೆ ತಾನೇ?"

ಮಗಳು ಅತ್ತುಬಿಟ್ಟಳು. "ಮನೇಲಿ ಒಂದೇ ಒಂದು ಸಲ ನನಗೋಸ್ಕರ ನುಡಿಸಬೇಕು ಅನ್ನಿಸ್ತು. ಇವತ್ತು ಶಾಲೇಲಿ ಅಪ್ಪ ಪಿಯಾನೊ ಬಿಚ್ಚಿಕೊಂಡು ಕೂತಾಗ ನಾನೇ ಹೋಗಿ, ಪೆಟ್ಟಿಗೆಯಿಂದ ತೆಗೆದು ಬೀರುವಿನಲ್ಲಿ ಇಡ್ತಿದ್ದೆ."

ಪ್ರಾಂಶುಪಾಲೆ ದೂರು ಹಿಂತೆಗೆದುಕೊಂಡರು. ಕೊಳಲು ಕೈಗೆತ್ತಿಕೊಂಡರೂ, ಆ ಹುಡುಗಿಯತ್ತ ನೋಡುವ ಧೈರ್ಯ ಅವರಿಗೆ ಆಗಲಿಲ್ಲ.

ಮಾವ ಸೊಸೆಯನ್ನು ಪಕ್ಕಕ್ಕೆ ಕರೆದರು. "ದೀಪಕ್ಕೆ ದಂಡ ಹಾಕೋ ಅಧಿಕಾರ ನಿನಗಿತ್ತು. ಬೀಗ ತೆಗೆಯೋಕೆ ಬೇರೆ ಕಾರಣ ಬೇಕಿತ್ತಮ್ಮ. 'ಬೇಡ' ಅನ್ನೋದು ಕಾರಣ ಅಲ್ಲ."

ಅವಳು ತಂದೆ ಮಗಳತ್ತ ನೋಡಿದಳು. ಬಿಟ್ಟು ಕಳಿಸಿದ್ದರೆ ಕೊಳಲು ತಾನಾಗಿ ಬೀರು ಸೇರುತ್ತಿತ್ತು. ಈ ಇಬ್ಬರೂ ಇಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿರಲಿಲ್ಲ.

ಬಾಗಿಲ ಬಳಿ ತಂದೆ ಹೇಳುತ್ತಿದ್ದ: "ನನ್ನ ಕೇಳಿದ್ದಿದ್ರೆ, ಪ್ರಿನ್ಸಿಪಾಲರ ಕಾಲು ಹಿಡಿದಾದರೂ ಕೊಡಿಸ್ತಿದ್ದೆನಲ್ಲೇ."

"ಅದಕ್ಕೇ ಅಪ್ಪ, ನಿನ್ನ ಕೇಳಲಿಲ್ಲ," ಎಂದಳು ಮಗಳು.